ಗೋದಾಮಿನ ಓಣಿಯ ಗಾಳಿ

ಗಾಳಿ ಎಲ್ಲಿ ಓಡುತ್ತದೆ, ಎಲ್ಲಿ ತಡವರಿಸುತ್ತದೆ, ಎಲ್ಲಿ ಸುಳಿ ಸುತ್ತುತ್ತದೆ ಎಂದು ಲೆಕ್ಕ ಹಾಕಿ ಮುಂದೆ ದೇಶದೇಶಗಳಲ್ಲಿ ಹೆಸರಾದ ಆ ಭೌತವಿಜ್ಞಾನಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ ಮನೆಯವರಿಗೆಲ್ಲ ಬರೀ ಇಣುಕಿ. ಹಂಡೆ ಕಂಡರೆ ಹಂಡೆಯೊಳಗೆ, ನಲ್ಲಿ ಕಂಡರೆ ನಲ್ಲಿಯೊಳಗೆ, ಕೆಮ್ಮುವವರು ಸಿಕ್ಕರೆ ಅವರ ಗಂಟಲೊಳಗೆ ಇಣುಕಿ ನೋಡುತ್ತಿದ್ದವಳಿಗೆ ಅಜ್ಜಿ ಇಟ್ಟ ಹೆಸರು ಅದು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಆದರೆ ಆ ಚಳಿಗಾಲದಲ್ಲಿ ಊಟ ಸೇರದೆ ಒಳಗೊಳಗೇ ಬೆಂದವಳು ಇಣುಕಿಯಲ್ಲ, ಅವಳ ಅಕ್ಕ.

ಅವರದು ಲಾಂಡ್ರಿ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ನಡುವಿನ ಕೋಣೆಯಲ್ಲಿ ಊಟ, ಮಲಗುವುದು, ಜಗಳ ಎಲ್ಲವೂ. ಹಿಂದೆ ಹಂಡೆಯ ಒಲೆ, ಕಲ್ಲಿನ ತೊಟ್ಟಿಗಳು, ಹಗ್ಗ ಕಟ್ಟಿದ ಸಣ್ಣ ಅಂಗಳ. ಅಮ್ಮ ಕುದಿಸಿ ಒಗೆಯುವವಳು, ಅಕ್ಕ ಗಂಜಿ ಹಾಕಿ ಇಸ್ತ್ರಿ ಮಾಡುವವಳು, ಅಜ್ಜಿ ಮಡಿಸುವವಳು, ಅಪ್ಪ ತಳ್ಳುಗಾಡಿಯಲ್ಲಿ ತಂದು ಕೊಟ್ಟು ಮಾಡುವವನು. ಇಣುಕಿಗೆ ಇಂಥದ್ದೇ ಕೆಲಸ ಅಂತಿರಲಿಲ್ಲ, ಹಾಗಾಗಿ ಎಲ್ಲರ ಅರ್ಧ ಕೆಲಸ ಅವಳ ಮೇಲೆ ಬೀಳುತ್ತಿತ್ತು.

ಮನೆ ನಡೆಯುತ್ತಿದ್ದದ್ದು ಹೆರಿಗೆ ಆಸ್ಪತ್ರೆಯ ಬೆಡ್‌ಶೀಟುಗಳಿಂದ. ಆ ವರ್ಷ ಮಂಜು ಬಿದ್ದದ್ದು ಏಳಲೇ ಇಲ್ಲ. ಅಂಗಳದಲ್ಲಿ ಹರವಿದ ಬಟ್ಟೆ ಸಂಜೆಗೆ ಮುಟ್ಟಿದರೆ ಬೆಳಿಗ್ಗೆಯಷ್ಟೇ ಒದ್ದೆ. ಕೊನೆಗೆ ಮನೆಯೊಳಗೇ ಹಗ್ಗ ಕಟ್ಟಿದರು. ಶೀಟುಗಳನ್ನು ತಲೆಯಿಂದ ಸರಿಸಿಕೊಂಡು ಓಡಾಡಬೇಕು, ಅವುಗಳ ಕೆಳಗೇ ಕೂತು ಉಣ್ಣಬೇಕು. ಅಜ್ಜಿ ಒಂದು ದಿನ ತಟ್ಟೆ ಎತ್ತಿ ತೋರಿಸಿ, "ಬೇಳೆ ನೀರಾಯ್ತು ಅಂತ ಸೊಸೆಗೆ ಬೈಯೋಣ ಅಂದ್ರೆ ಅದಕ್ಕೂ ಭಾಗ್ಯ ಇಲ್ಲ, ಇದು ಬೆಡ್‌ಶೀಟಿನ ನೀರು" ಎಂದಳು. ಯಾರೂ ನಗಲಿಲ್ಲ. ಶೀಟು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲವೆಂದು ಆಸ್ಪತ್ರೆಯಿಂದ ಆಗಲೇ ಎರಡು ಸಲ ಹೇಳಿಕಳಿಸಿದ್ದರು.

ಹೇಳಿಕಳಿಸಿದವರು ಮೇಟ್ರನ್, ಅಲ್ಲಿನ ದಾದಿಯರಿಗೆಲ್ಲ ಹಿರಿಯರು. ಆಸ್ಪತ್ರೆಯ ಬಟ್ಟೆ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿ. ಬರೀ ಕೆಲಸದ ಮಾತಾಗಿದ್ದರೆ ಇಷ್ಟು ಅಂಜಿಕೆ ಇರುತ್ತಿರಲಿಲ್ಲ. ಮೇಟ್ರನ್ ಅವರ ಸ್ವಂತ ಅಕ್ಕನ ಮಗ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಮೇಟ್ರನ್ ತಾವಾಗಿಯೇ ಅಪ್ಪನನ್ನು ಕರೆದು, ನಿಮ್ಮ ದೊಡ್ಡವಳು ಅಚ್ಚುಕಟ್ಟು, ಅವಳು ಮಡಿಸಿದ ಶೀಟು ನೋಡಿದರೇ ಗೊತ್ತಾಗುತ್ತದೆ, ನಮ್ಮ ಹುಡುಗನಿಗೆ ಕೇಳೋಣವೇ ಅಂದಿದ್ದರು. ಹುಡುಗ ಬಂದು ನೋಡಿಕೊಂಡೂ ಹೋಗಿದ್ದ. ಅವನು ಟೀ ಕುಡಿಯುವಷ್ಟು ಹೊತ್ತೂ ಇಣುಕಿ ಬಿಟ್ಟಿರಲಿಲ್ಲ: ಮಾಂಸದೊಳಗೆ ಹೋಗುವ ಬೆಳಕು ಮೂಳೆ ಹತ್ತಿರ ಯಾಕೆ ನಿಲ್ಲುತ್ತದೆ, ಬಟ್ಟೆಯ ಮೇಲೆ ಹಾಯಿಸಿದರೆ ನೂಲು ಕಾಣುತ್ತದೆಯೇ ಎಂದು ಪೀಡಿಸಿದಳು. ಅವನು ನಕ್ಕು, ನನಗೆ ಗುಂಡಿ ಒತ್ತುವುದು ಮಾತ್ರ ಗೊತ್ತು ಎಂದ. ಆ ನಗು ಅಕ್ಕನಿಗೆ ಹಿಡಿಸಿತ್ತು.

ಅಪ್ಪನ ಏರ್ಪಾಟು ನೇರವಾಗಿತ್ತು. ಅಮ್ಮನ ಕೈ ಸೋಡಾದ ನೀರಿಗೆ ಒಡೆದು ಬಿರುಕು ಬಿಟ್ಟಿತ್ತು, ಹೆಚ್ಚು ದಿನ ತಡೆಯುವ ಹಾಗಿರಲಿಲ್ಲ. ಇಣುಕಿ ಈ ವರ್ಷದ ಶಾಲೆ ಮುಗಿಸಿ ಇಸ್ತ್ರಿ ಮೇಜಿಗೆ ನಿಲ್ಲುವುದು, ಆಮೇಲೆ ಅಕ್ಕನ ಮದುವೆ. ಒಬ್ಬಳು ಹೊರಡಬೇಕಾದರೆ ಇನ್ನೊಬ್ಬಳು ನಿಲ್ಲಬೇಕು. ಇದನ್ನು ಅವನು ಉಪ್ಪು ಕೇಳುವಷ್ಟೇ ಸಲೀಸಾಗಿ ಊಟದ ನಡುವೆ ಹೇಳಿದ್ದ, ಎಲ್ಲರೂ ತಲೆಯಾಡಿಸಿದ್ದರು.

ಅದಾದ ವಾರಕ್ಕೆ ವಿಜ್ಞಾನದ ಟೀಚರ್ ಮನೆಗೆ ಬಂದರು.

ಅವರಿಗೆ ಕೂರಲು ಒಣಗಿದ ಜಾಗ ಹುಡುಕುವುದೇ ಕಷ್ಟವಾಯಿತು. ದೊಡ್ಡ ಊರಿನಲ್ಲಿ ವಿಜ್ಞಾನಕ್ಕೆಂದೇ ಒಂದು ಶಾಲೆ ಇದೆ, ಊಟ ವಸತಿ ಪುಸ್ತಕ ಎಲ್ಲ ಅವರದೇ, ಪರೀಕ್ಷೆ ಬರೆದು ಗೆದ್ದವರಿಗೆ ಮಾತ್ರ ಜಾಗ ಎಂದು ಅವರು ಹೇಳಿದರು. ಚಳಿ ಮುಗಿಯುವ ಹೊತ್ತಿಗೆ ಪರೀಕ್ಷೆ, ಅದೂ ಇದೇ ಊರಿನಲ್ಲಿ. ತಾವು ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇಂಥ ಮಗು ಸಿಕ್ಕಿರಲಿಲ್ಲ ಎಂದೂ ಹೇಳಿದರು. ಅಪ್ಪ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟ.

"ಅವರಿಗೇನು, ಹೇಳಿ ಹೋದ್ರು" ಎಂದಳು ಅಜ್ಜಿ. "ಇಬ್ರೂ ಹೊರಟ್ರೆ ಹಂಡೆ ಮುಂದೆ ನಿಲ್ಲೋರ್ಯಾರು? ನಾನಾ?"

"ನೀನು ನಿಂತ್ರೆ ಹಂಡೆನೇ ಓಡಿಹೋಗತ್ತೆ ಬಿಡಜ್ಜಿ" ಎಂದಳು ಇಣುಕಿ.

"ನೋಡು ನಾಲಿಗೆ. ಇದಕ್ಕೆ ಬೇರೆ ದೊಡ್ಡ ಶಾಲೆ."

ಅಪ್ಪ ನಗಲಿಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ. ಅಕ್ಕ ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತಾ ತಂಗಿಯ ಮುಖ ನೋಡಿದಳು. ತನ್ನ ಮದುವೆ ಇವಳ ಶಾಲೆಯ ಕುತ್ತಿಗೆ ಮೇಲೆ ಕೂತಿದೆ ಎಂದು ಅಲ್ಲಿವರೆಗೆ ಅವಳಿಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಹೋಗಲೂ ಇಲ್ಲ. ಆ ದಿನದಿಂದ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳತೊಡಗಿದಳು.

ಓಣಿಯ ಸಂಗತಿ ಶುರುವಾದದ್ದು ಒಂದು ಕರವಸ್ತ್ರದಿಂದ. ಮನೆಯ ಹಿಂದಿನ ಗೋಡೆಗೂ ಕಾಳಿನ ಗೋದಾಮಿನ ಎತ್ತರದ ಗೋಡೆಗೂ ನಡುವೆ ಒಂದು ಓಣಿ. ಮನೆಯ ಕಡೆ ಅಗಲವಾಗಿ ಶುರುವಾಗಿ, ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಾಗಿ, ಆಚೆಯ ತುದಿಯಲ್ಲಿ ಮತ್ತೆ ತೆರೆದುಕೊಳ್ಳುತ್ತಿತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಇಣುಕಿ ಹೋಗಿ ಕರವಸ್ತ್ರಗಳನ್ನು ಅಲ್ಲಲ್ಲಿ ಸಿಕ್ಕಿಸಿ ಬಂದಿದ್ದಳು. ಅಂಗಳದ್ದು ಸಂಜೆಗೂ ಒದ್ದೆ. ಓಣಿಯ ಇಕ್ಕಟ್ಟಿನದು ಮಧ್ಯಾಹ್ನದ ಊಟಕ್ಕೆ ಮೊದಲೇ ಗರಿಗರಿ. ಅವಳು ಅದನ್ನು ತಂದು ಅಕ್ಕನ ಕೆನ್ನೆಗೆ ಒತ್ತಿದಳು.

"ಬಿಸಿಲೇ ಇಲ್ಲವಲ್ಲೇ ಅಲ್ಲಿ" ಎಂದಳು ಅಕ್ಕ.

"ಬಿಸಿಲು ಬೇಡ. ಗಾಳಿಗೆ ಅಲ್ಲಿ ಜಾಗ ಸಾಲಲ್ಲ, ಅದಕ್ಕೇ ಓಡತ್ತೆ."

"ಜಾಗ ಸಾಲದೆ ಇದ್ರೆ ನಿಧಾನ ಆಗ್ಬೇಕಲ್ವಾ? ನಮ್ಮನೆ ತರ."

"ನಮ್ಮನೇಲಿ ನಿಂತ್ಕೋಬಹುದು. ಗಾಳಿಗೆ ಹಿಂದಿಂದ ತಳ್ಳೋರಿದಾರೆ, ನಿಲ್ಲೋ ಹಾಗಿಲ್ಲ."

ಅವಳು ಓಣಿಯ ಉದ್ದಕ್ಕೂ ಬಣ್ಣದ ನೂಲಿನ ತುಂಡುಗಳನ್ನು ಕಟ್ಟಿದ್ದಳು. ಅಂಗಳದ ಕಡೆಯ ನೂಲು ಸುಮ್ಮನೆ ತೂಗಾಡುತ್ತಿತ್ತು, ಇಕ್ಕಟ್ಟಿನಲ್ಲಿದ್ದದ್ದು ಸೆಟೆದು ನಿಂತಿತ್ತು. ಅಪ್ಪ ಬಂದು ನೋಡಿ, ಬೆನ್ನ ಹಿಂದೆ ಕೈ ಕಟ್ಟಿ, ಅತ್ತಿತ್ತ ಓಡಾಡಿ, ಕೊನೆಗೆ ಒಂದು ಹಗ್ಗ ಕಟ್ಟಿಕೊಟ್ಟ. ಒಂದೇ ಹಗ್ಗಕ್ಕೆ ಮನೆಯೊಳಗಿನ ಅರ್ಧ ಬಟ್ಟೆ ಖಾಲಿಯಾಯಿತು. ತಟ್ಟೆಗೆ ಹನಿ ಬೀಳುವುದು ನಿಂತಿತು. ಅಜ್ಜಿ ಊಟಕ್ಕೆ ಕೂತಾಗ ಮೇಲೆ ನೋಡುವ ಅಭ್ಯಾಸ ಮಾತ್ರ ಬಿಡಲಿಲ್ಲ.

ಆ ದಿನಗಳಲ್ಲಿ ಅಕ್ಕನ ಎದೆಯಲ್ಲಿ ಒಂದು ಆಸೆ ಎದ್ದು ಕೂತಿತು. ಒಣಗಿಸುವ ತಾಪತ್ರಯ ಇಲ್ಲದಿದ್ದರೆ ಅರ್ಧ ಕೆಲಸ ಇಲ್ಲ. ಅರ್ಧ ಕೆಲಸಕ್ಕೆ ಯಾರನ್ನಾದರೂ ದಿನಗೂಲಿಗೆ ಇಟ್ಟುಕೊಳ್ಳಬಹುದು. ಆಗ ಇಬ್ಬರೂ ಹೊರಡಬಹುದು. ಇದನ್ನು ಅಪ್ಪನಿಗೆ ಹೇಳಿದಳು. ಮೊದಲು ಒಂದು ಚಳಿಗಾಲ ಆಸ್ಪತ್ರೆಯವರ ಬಾಯಿಂದ ದೂರು ಬರದೆ ದಾಟಲಿ, ಆಮೇಲೆ ನೋಡೋಣ ಎಂದ ಅಪ್ಪ. ಅಪ್ಪನ ಬಾಯಲ್ಲಿ ನೋಡೋಣ ಎಂದರೆ ಮುಕ್ಕಾಲು ಹೌದು.

ಅದಕ್ಕೇ ಅವಳು ಅವಸರ ಮಾಡಿದ್ದು. ಆಸ್ಪತ್ರೆಯಲ್ಲಿ ಒಂದೇ ಸಲಕ್ಕೆ ಹೆರಿಗೆಗಳು ಹೆಚ್ಚಾಗಿ, ಇದ್ದಬದ್ದ ಶೀಟುಗಳೆಲ್ಲ ಒಗೆಯಲು ಬಂದವು. ಮರುದಿನವೇ ಬೇಕೆಂದು ಮೇಟ್ರನ್ ಹೇಳಿದ್ದರು. ಎಲ್ಲವನ್ನೂ ಓಣಿಗೇ ಹಾಕೋಣ, ಆ ತುದಿಯವರೆಗೂ ಹಗ್ಗ ಕಟ್ಟೋಣ ಎಂದು ಅಕ್ಕ ಹಟ ಹಿಡಿದಳು. ಅಪ್ಪ ಏಣಿ ಹತ್ತಿದ. ಅಮ್ಮ ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತಳು. ಅಜ್ಜಿ ಹಿಂಬಾಗಿಲ ಮೆಟ್ಟಿಲ ಮೇಲೆ ಶೀಟಿನ ಮೂಲೆ ಬಿಡಿಸುತ್ತಿದ್ದಳು. ಶಾಲೆಗೆ ಹೊರಟಿದ್ದ ಇಣುಕಿ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಓಡಿಬಂದಳು.

"ಆ ತುದಿಗೆ ಈಗ್ಲೇ ಬೇಡ ಅಕ್ಕ. ಗಾಳಿ ತಿರುಗಿದಾಗ ಏನಾಗತ್ತೆ ನಾನಿನ್ನೂ ನೋಡಿಲ್ಲ. ನೂಲು ಇಷ್ಟು ದಿನ ಒಂದೇ ಕಡೆ ಹಾರಿದೆ. ಒಂದು ಸಲ ತಿರುಗಲಿ, ಅಲ್ಲಿವರೆಗೆ ಒಂದೇ ಹಗ್ಗ ಇರಲಿ."

"ಗಾಳಿ ತಿರುಗೋವರೆಗೆ ಆ ಬಾಣಂತಿಯರು ಎಲ್ಲಿ ಮಲಗ್ಬೇಕೇ, ನಿನ್ನ ನೂಲಿನ ಮೇಲಾ?"

"ಎರಡು ಮೂರು ದಿನ ಅಷ್ಟೇ."

"ಇಣುಕಿ, ಶಾಲೆಗೆ ಹೊತ್ತಾಯ್ತು, ನಡಿ."

ಅಪ್ಪ ಏಣಿಯ ಮೇಲಿಂದ ಒಮ್ಮೆ ಕೆಳಗೆ ನೋಡಿದ. ಅಮ್ಮ ಕ್ಲಿಪ್ಪು ಕೊಡುವ ಕೈ ನಿಲ್ಲಿಸಿ ಮತ್ತೆ ಚಾಚಿದಳು. ಇಣುಕಿ ಚೀಲ ಸರಿಮಾಡಿಕೊಂಡು ಹೊರಟುಹೋದಳು.

ಆಚೆಯ ತುದಿಯಲ್ಲಿ ಕಬ್ಬಿಣ ಎರಕದ ಶೆಡ್ಡು ಇತ್ತು. ಅದು ಎಲ್ಲರಿಗೂ ಗೊತ್ತಿತ್ತು. ಅದರ ಹೊಗೆ ಸದಾ ಅತ್ತಲೇ ಹೋಗುತ್ತಿದ್ದುದರಿಂದ ಯಾರ ನೆನಪಿನಲ್ಲೂ ಇರಲಿಲ್ಲ. ಆ ಮಧ್ಯಾಹ್ನ ಗಾಳಿ ತಿರುಗಿತು. ಅಕ್ಕ ಇಸ್ತ್ರಿ ಮಾಡುತ್ತಿದ್ದವಳು ವಾಸನೆ ಹಿಡಿದು ಹಿಂದಕ್ಕೆ ಓಡಿದಳು. ಶೆಡ್ಡಿನ ಕುಲುಮೆಯ ಹೊಗೆ ಓಣಿಯ ಆಚೆಯ ಬಾಯಿಂದ ನುಗ್ಗಿ, ಇಕ್ಕಟ್ಟಿನಲ್ಲಿ ಸೀಟಿ ಹೊಡೆಯುತ್ತಾ, ಸಾಲು ಸಾಲು ಒದ್ದೆ ಶೀಟುಗಳ ಮೇಲೆ ಮಸಿ ಮೆತ್ತಿಕೊಂಡು ಬರುತ್ತಿತ್ತು. ಒಣಗಿದ ಬಟ್ಟೆಯಾದರೆ ಕೊಡವಬಹುದಿತ್ತು. ಒದ್ದೆ ಬಟ್ಟೆ ಮಸಿಯನ್ನು ಕುಡಿದುಬಿಟ್ಟಿತ್ತು. ಅಮ್ಮ ಒಂದು ಶೀಟನ್ನು ಹಿಡಿದು ನೋಡಿ, ಅದರಿಂದಲೇ ಕೈ ಒರೆಸಿಕೊಂಡು, ಅಲ್ಲೇ ಕೂತಳು. ಎಂದೂ ಬಟ್ಟೆಗೆ ಕೈ ಒರೆಸದ ಹೆಂಗಸು ಅವಳು.

ಮರುದಿನ ಮೇಟ್ರನ್ ತಾವೇ ಬಂದರು. ವಾರ್ಡಿನಲ್ಲಿ ಹಸುಗೂಸುಗಳನ್ನು ಸೀರೆಯ ತುಂಡಿನಲ್ಲಿ ಮಲಗಿಸಿದ್ದೇವೆ, ದೊಡ್ಡ ಡಾಕ್ಟರರ ಮುಂದೆ ನಾನು ತಲೆ ತಗ್ಗಿಸಿ ನಿಂತೆ ಎಂದು ಸದ್ದಿಲ್ಲದ ಸಿಟ್ಟಿನಲ್ಲಿ ಹೇಳಿದರು. ಬೂದು ಬಣ್ಣದ ಶೀಟೊಂದನ್ನು ಎರಡೇ ಬೆರಳಲ್ಲಿ ಎತ್ತಿ ಕೇಳಿದರು: "ಇದು ಯಾರ ಕೆಲಸ?"

ಆಗ ಆ ಮನೆಯಲ್ಲಿ ಯಾರೂ ಮೊದಲೇ ಮಾತಾಡಿಕೊಂಡಿರದ ಒಂದು ಕೆಲಸ ಎಲ್ಲರೂ ಸೇರಿ ಮಾಡಿದರು. ಅಪ್ಪ ಗಾಡಿಯ ಚಕ್ರ ನೋಡಿದ. ಅಮ್ಮ ಒಲೆ ನೋಡಿದಳು. ಅಕ್ಕ ತನ್ನ ಕಾಲಬೆರಳು ನೋಡಿದಳು. ಅಜ್ಜಿ ಬಾಯಿ ಬಿಟ್ಟಳು.

"ಚಿಕ್ಕದು ನೋಡಿಮ್ಮ, ಓದೋ ಹುಡುಗಿ. ಗಾಳಿ ಅಂತೆ, ನೂಲಂತೆ, ಏನೋ ಪ್ರಯೋಗ ಅಂತೆ. ಮಗು ಮಾತು ಕೇಳಿ ನಾವೂ ಮೋಸ ಹೋದ್ವಿ."

ಬಾಗಿಲ ಬಳಿ ನಿಂತಿದ್ದ ಇಣುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಸರದಿಯಂತೆ, ಯಾರದೂ ಬಿಡದೆ. ಅಕ್ಕನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಅಕ್ಕ ತಲೆ ಎತ್ತಲಿಲ್ಲ.

ಮೇಟ್ರನ್ ಅವರ ಮುಖ ಸಡಿಲವಾಯಿತು. ದೊಡ್ಡವಳಾಗಿದ್ದರೆ ಯೋಚಿಸಬೇಕಾಗಿತ್ತು, ನಾಳೆ ನಮ್ಮ ಮನೆ ತುಂಬುವವಳು ಎಂದರು. ಮಕ್ಕಳ ತಲೆಗೆ ಓದು ಏರಿದರೆ ಹೀಗೇ, ಅವಳನ್ನು ಅದರಿಂದ ಬಿಡಿಸಿ ಕೈಗೆ ಕೆಲಸ ಕೊಡಿ, ನಾನು ಡಾಕ್ಟರರಿಗೆ ಏನೋ ಒಂದು ಹೇಳಿ ಒಪ್ಪಿಸುತ್ತೇನೆ ಎಂದೂ ಹೇಳಿದರು. ಅಪ್ಪ ಕೈ ಮುಗಿದು, ಇವತ್ತಿಂದಲೇ ಶಾಲೆ ಬಂದ್, ಪರೀಕ್ಷೆ ಗಿರೀಕ್ಷೆ ಎಲ್ಲ ಬಂದ್ ಎಂದ. ಎಲ್ಲವೂ ಒಂದು ಟೀ ಆರುವಷ್ಟರಲ್ಲಿ ಮುಗಿದುಹೋಯಿತು. ಸಂಬಂಧ ಉಳಿಯಿತು, ಶೀಟಿನ ಕೆಲಸ ಉಳಿಯಿತು. ಹೋದದ್ದು ಒಂದೇ.

ಇಣುಕಿ ಅಳಲಿಲ್ಲ, ಜಗಳವಾಡಲಿಲ್ಲ. ನೂಲುಗಳನ್ನು ತಾನೇ ಬಿಚ್ಚಿದಳು. ಮಸಿ ಹಿಡಿದ ಶೀಟುಗಳನ್ನು ಸೋಡಾದಲ್ಲಿ ನೆನೆಸಿ, ಕುದಿಸಿ, ಹಿಂಡಿ, ಮತ್ತೆ ಕುದಿಸಬೇಕಿತ್ತು. ಅವಳು ಅಮ್ಮನ ಪಕ್ಕ ಹಂಡೆಯ ಮುಂದೆ ನಿಂತು ಕೋಲು ತಿರುಗಿಸಿದಳು. ಹಂಡೆಯೊಳಗೆ ಇಣುಕುವುದನ್ನು ಮಾತ್ರ ನಿಲ್ಲಿಸಿದ್ದಳು. ಗುಳ್ಳೆ ಬಂದರೆ ಬಂತು, ಹಬೆ ಹೋದರೆ ಹೋಯಿತು. ಊಟಕ್ಕೆ ಕೂತರೆ ಬಡಿಸಿದ್ದು ಉಂಡು ಏಳುತ್ತಿದ್ದಳು. ಬೇಳೆ ಯಾಕೆ ಮೇಲಿಂದಲೇ ಆರುತ್ತದೆ ಎಂದು ಕೇಳಿ ಬೈಸಿಕೊಳ್ಳುತ್ತಿದ್ದವಳು ಒಂದು ಮಾತೂ ಕೇಳುತ್ತಿರಲಿಲ್ಲ. ಅಜ್ಜಿಗೇ ಇರುಸುಮುರುಸಾಯಿತು. "ಏನೇ ಇದು, ಮನೇಲಿ ಯಾರೋ ನೆಂಟರ ಹುಡುಗಿ ಇದ್ದ ಹಾಗಿದೆ" ಎಂದು ಗೊಣಗಿ, ತನ್ನ ಪಾಲಿನ ಆಲೂಗಡ್ಡೆ ಅವಳ ತಟ್ಟೆಗೆ ಹಾಕಿದಳು. ಇಣುಕಿ ಅದನ್ನೂ ತಿಂದಳು.

ಟೀಚರ್ ಪರೀಕ್ಷೆಯ ಚೀಟಿ ಹಿಡಿದು ಬಂದರೆ ಅಪ್ಪ ಹೊಸ್ತಿಲಲ್ಲೇ ಮಾತಾಡಿ ಕಳಿಸಿದ. ಅವರು ಚೀಟಿಯನ್ನು ಇಸ್ತ್ರಿ ಮೇಜಿನ ಮೇಲೆ ಬಿಟ್ಟು ಹೋದರು. ಅಕ್ಕ ಅದನ್ನು ಸುಕ್ಕಾಗದಂತೆ ಅಂಗಿಗಳ ರಾಶಿಯ ಕೆಳಗೆ ಇಟ್ಟಳು. ಅಂಗಿಗಳು ಖಾಲಿಯಾದಂತೆ ಬೇರೆ ರಾಶಿಯ ಕೆಳಗೆ ಸರಿಸಿದಳು. ಅದನ್ನು ಎಲ್ಲಿಟ್ಟರೂ ಮೇಜಿನ ಆ ಮೂಲೆ ಮಾತ್ರ ಉರಿಯುತ್ತಿರುವಂತೆ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಇಬ್ಬರೇ ಶೀಟು ಹಿಂಡುವಾಗ, ಒಂದೊಂದು ತುದಿ ಹಿಡಿದು ತಿರುವುತ್ತಾ, ಅಕ್ಕ ಕೇಳಿಯೇಬಿಟ್ಟಳು. "ಆವತ್ತು ಮೇಟ್ರನ್ ಮುಂದೆ ನೀನ್ಯಾಕೆ ಬಾಯಿ ಬಿಡಲಿಲ್ಲ?"

"ನಾನು ಹಿಂದಿನ ದಿನವೇ ಬಿಟ್ಟಿದ್ನಲ್ಲ."

ಶೀಟಿನಿಂದ ನೀರು ಸುರಿಯಿತು. ಇಣುಕಿ ತಿರುವುವುದನ್ನು ನಿಲ್ಲಿಸಲಿಲ್ಲ.

"ನಂದೂ ತಪ್ಪಿದೆ ಅಕ್ಕ. ಗಾಳಿ ಎಷ್ಟು ಜೋರಾಗಿ ಹೋಗತ್ತೆ ಅಂತಷ್ಟೇ ನೋಡ್ತಾ ಇದ್ದೆ. ಎಲ್ಲಿಂದ ಬರತ್ತೆ, ಬರ್ತಾ ಏನು ಹೊತ್ಕೊಂಡು ಬರತ್ತೆ ಅಂತ ಯೋಚ್ನೆ ಮಾಡಿರಲಿಲ್ಲ. ಶೆಡ್ಡು ಕಣ್ಣೆದುರಿಗೇ ಇತ್ತು."

"ಹೇಳಬಹುದಿತ್ತು, ಅಕ್ಕ ಮಾಡಿದ್ದು ಅಂತ."

"ಹೇಳಿದ್ರೆ ನಿನ್ನ ಮದುವೆ ನಿಲ್ತಿತ್ತು. ಆ ಎಕ್ಸ್‌ರೇ ಅವರು ಒಳ್ಳೆಯವರು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರು."

ಅಕ್ಕನ ಕೈಯಿಂದ ಶೀಟಿನ ತುದಿ ಜಾರಿತು. ಬಿಗಿಯಾಗಿ ಸುತ್ತಿದ್ದ ಬಟ್ಟೆ ಸರ್ರನೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಇನ್ನೊಂದು ಸಲ ಜಾಲಿಸಬೇಕಾಯಿತು.

ಶೀಟುಗಳು ಕೊನೆಗೂ ಬೆಳ್ಳಗಾದ ದಿನ, ಅಪ್ಪನ ಜೊತೆ ತಾನೂ ಆಸ್ಪತ್ರೆಗೆ ಬರುತ್ತೇನೆ ಎಂದು ಅಕ್ಕ ಹೊರಟಳು. ಮುಂದಿನ ಅತ್ತೆಮನೆಯವರಿಗೆ ಮುಖ ತೋರಿಸುವುದಕ್ಕೆ ಇರಬೇಕೆಂದು ಅಜ್ಜಿ ಅವಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ದಾರಿಯುದ್ದಕ್ಕೂ ಅಪ್ಪ ಗಾಡಿ ತಳ್ಳಿದ, ಅವಳು ಗಂಟುಗಳ ಮೇಲೆ ಕೈಯಿಟ್ಟು ನಡೆದಳು.

ಬಟ್ಟೆ ಕೋಣೆಯಲ್ಲಿ ನೆಲದಿಂದ ಚಾವಣಿವರೆಗೂ ಮರದ ಗೂಡುಗಳು. ಮೇಟ್ರನ್ ಒಂದೊಂದು ಶೀಟನ್ನೂ ಬೆಳಕಿಗೆ ಹಿಡಿದು ನೋಡಿ ಗೂಡಿಗೆ ಸೇರಿಸುತ್ತಿದ್ದರು. ಅಪ್ಪ ಕೊನೆಯ ಗಂಟು ತರಲು ಹೊರಗೆ ಹೋಗಿದ್ದ. ಅಕ್ಕ ಬಾಯಿ ತೆರೆದಳು.

"ಓಣಿಯಲ್ಲಿ ಹಾಕಿಸಿದ್ದು ನಾನು. ತಂಗಿ ಬೇಡ ಅಂದಳು. ಗಾಳಿ ತಿರುಗಬಹುದು, ಕಾಯಿ ಅಂದಳು. ನಾನು ಕೇಳಲಿಲ್ಲ. ಆವತ್ತು ನೀವು ಕೇಳಿದಾಗ ಸುಮ್ಮನೆ ನಿಂತಿದ್ದೂ ನಾನೇ."

ಮೇಟ್ರನ್ ಕೈಯಲ್ಲಿದ್ದ ಶೀಟನ್ನು ಮಡಿಸಿ, ಮಡಿಕೆಯ ಮೇಲೆ ಅಂಗೈ ಎಳೆದರು.

"ಸುಮ್ಮನೇ ಇದ್ದಿದ್ರೆ ನಂಗೆ ಗೊತ್ತಾಗ್ತಾ ಇರಲಿಲ್ಲ."

"ಹೌದು."

"ಮತ್ತೆ ಯಾಕೆ ಹೇಳ್ದೆ?"

"ಅವಳಿಗೆ ಪರೀಕ್ಷೆ ಇದೆ. ಅಪ್ಪ ನಿಮಗೆ ಮಾತು ಕೊಟ್ಟಿದಾರೆ, ನೀವೇ ಬಿಡಿಸ್ಬೇಕು."

ಬಾಗಿಲಲ್ಲಿ ಗಂಟು ಹೊತ್ತು ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೇಟ್ರನ್ ಅವನನ್ನೂ ಇವಳನ್ನೂ ನೋಡಿದರು. ಇನ್ನು ಮೇಲೆ ಶೀಟಿನ ಅರ್ಧ ಭಾಗ ಬೇರೆ ಲಾಂಡ್ರಿಗೆ ಹೋಗುತ್ತದೆ, ಎಲ್ಲವನ್ನೂ ಒಂದೇ ಕಡೆ ನಂಬಿ ಒಮ್ಮೆ ಅನುಭವಿಸಿದ್ದು ಸಾಕು ಎಂದರು. ಮಗುವಿನ ಪರೀಕ್ಷೆಗೆ ನಾನು ಅಡ್ಡವಿಲ್ಲ ಎಂದರು. ಆ ಇನ್ನೊಂದು ವಿಷಯ, ಮದುವೆಯದು, ಹುಡುಗನ ತಾಯಿಯ ಹತ್ತಿರ ಮಾತಾಡುತ್ತೇನೆ, ಏನು ಮಾತಾಡುತ್ತೇನೆ ಅಂತ ನನಗೇ ಇನ್ನೂ ಗೊತ್ತಿಲ್ಲ ಎಂದರು. ಬೀಗ ಹಾಕಿಕೊಂಡರು.

ದಾರಿಯುದ್ದಕ್ಕೂ ಅಪ್ಪ ಖಾಲಿ ಗಾಡಿಯನ್ನು ದಡದಡ ತಳ್ಳಿದ. ಮನೆಗೆ ಬಂದ ಮೇಲೆ ಬಾಯಿ ಬಿಟ್ಟ. ಅರ್ಧ ಅನ್ನ ಹೋಯಿತು, ಇನ್ನರ್ಧ ಯಾವಾಗ ಹೋಗುತ್ತದೋ, ಯಾರು ನಿನ್ನನ್ನು ಹೇಳು ಅಂದಿದ್ದರು ಎಂದು ಕೂಗಾಡಿದ. ಅಜ್ಜಿ ಎದೆಗೆ ಕೈ ಹಚ್ಚಿಕೊಂಡು, ಜಡೆ ಹೆಣೆದು ಕಳಿಸಿದ್ದು ಇದಕ್ಕಾ ಎಂದಳು. ಪರೀಕ್ಷೆಗೆ ಯಾರು ಬೇಕಾದರೂ ಕರೆದುಕೊಂಡು ಹೋಗಿ, ನಾನಂತೂ ಆ ದಿಕ್ಕಿಗೆ ತಲೆ ಹಾಕುವುದಿಲ್ಲ ಎಂದು ಅಪ್ಪ ಊಟ ಬಿಟ್ಟು ಎದ್ದ. ಅಂದರೆ ಪರೀಕ್ಷೆಗೆ ಹೋಗಬಹುದು ಎಂದಾಯಿತು. ಆ ಮನೆಯಲ್ಲಿ ಒಪ್ಪಿಗೆ ಸಿಗುತ್ತಿದ್ದದ್ದು ಹೀಗೇ.

ಆಮೇಲಿನ ದಿನಗಳು ಸಂಬಂಧದ ಸುದ್ದಿಗೆ ಕಿವಿಗೊಟ್ಟೇ ಕಳೆದವು. ಬೀದಿಯಲ್ಲಿ ಸೈಕಲ್ಲು ನಿಂತರೆ ಅಕ್ಕನ ಇಸ್ತ್ರಿ ನಿಲ್ಲುತ್ತಿತ್ತು. ಒಂದು ಅಂಗಿಯ ತೋಳಿಗೆ ಕಂದು ಕಲೆ ಬಿತ್ತು, ಅದರ ಬೆಲೆಯನ್ನು ಗಿರಾಕಿಗೆ ಕಟ್ಟಿಕೊಟ್ಟರು. ಇಣುಕಿ ಕೆಲಸದ ನಡುವೆ ಪುಸ್ತಕ ಹಿಡಿದಳು; ಹಬೆಗೆ ಹಾಳೆಗಳು ಉಬ್ಬಿಕೊಂಡವು. ಒಂದು ಸಂಜೆ ಅವಳು ತಟ್ಟೆಯ ಮುಂದೆ, ಬಿಸಿ ಬೇಳೆಯ ಮೇಲೆ ಹಬೆ ಯಾಕೆ ಸುರುಳಿ ಸುತ್ತುತ್ತದೆ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದಳು. ಅಜ್ಜಿ ಬೈಯಲು ಬಾಯಿ ತೆರೆದು, ಬೈಯದೆ ಮುಚ್ಚಿದಳು.

ಪರೀಕ್ಷೆಯ ಹಿಂದಿನ ದಿನ ಸುದ್ದಿ ಬಂತು. ಹೊತ್ತು ತಂದವನು ಅಪ್ಪ. ಹುಡುಗನ ತಾಯಿ ಇನ್ನೂ ಸ್ವಲ್ಪ ನಿಧಾನದ ಹುಡುಗಿ ನೋಡುತ್ತಾರಂತೆ. ಹುಡುಗ ಏನಂದ ಎಂದು ಅಮ್ಮ ಕೇಳಿದಳು. ಹುಡುಗ ಏನೂ ಅನ್ನಲಿಲ್ಲವಂತೆ.

ಅಕ್ಕ ಕೈಯಲ್ಲಿದ್ದ ಲಂಗದ ನೆರಿಗೆಗಳನ್ನು ಕೊನೆಯವರೆಗೂ ಇಸ್ತ್ರಿ ಮಾಡಿ ಮುಗಿಸಿದಳು. ಅಜ್ಜಿ ಇಣುಕಿಯ ಕಡೆ ತಿರುಗಿ, ಸಮಾಧಾನ ಆಯ್ತಾ ನಿಂಗೆ ಎಂದಳು. ಇಣುಕಿಯ ಮುಖ ಬಿಳಿಚಿತು. ನಾನು ಪರೀಕ್ಷೆಗೆ ಹೋಗುವುದಿಲ್ಲ, ಯಾರಿಗೂ ಯಾವ ಪರೀಕ್ಷೆಯೂ ಬೇಡ ಎಂದು ಪುಸ್ತಕ ಮುಚ್ಚಿದಳು.

ಇಷ್ಟು ವಾರಗಳಲ್ಲಿ ಒಂದು ಮಾತಿಗೂ ಎರಡನೆಯ ಮಾತು ಸೇರಿಸದಿದ್ದ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಬಿರುಕು ಬಿಟ್ಟ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು.

"ನಾಳೆ ಹಂಡೆ ಮುಂದೆ ನಾನಿರ್ತೀನಿ, ಇಸ್ತ್ರಿ ಮುಂದೆ ನಿಮ್ಮಜ್ಜಿ ಇರ್ತಾಳೆ. ನೀವಿಬ್ರೂ ಹೋಗ್ಬನ್ನಿ" ಎಂದಳು. "ಅತ್ತೆ, ಆವತ್ತು ಅವಳು ಬೇಡ ಅಂದಿದ್ದು ನಂಗೂ ಕೇಳಿಸಿತ್ತು, ನಿಮ್ಗೂ ಕೇಳಿಸಿತ್ತು. ಇನ್ನು ಸಾಕು."

ಅಜ್ಜಿ ಮಡಿಸಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಿಸಿದಳು. ಅಪ್ಪ ಗಾಡಿಗೆ ಗ್ರೀಸು ಹಚ್ಚಬೇಕೆಂದು ಹೊರಗೆ ಹೋದ.

ಬೆಳಿಗ್ಗೆ ಅಕ್ಕತಂಗಿಯರು ಮಂಜಿನಲ್ಲಿ ನಡೆದೇ ಹೋದರು. ಬ್ರೆಡ್ಡಿನ ನಡುವೆ ಮೊಟ್ಟೆ ಇಟ್ಟು ಅಜ್ಜಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಪರೀಕ್ಷೆ ನಡೆಯುವ ಕಟ್ಟಡದ ಗೇಟಿನ ಮುಂದೆ ಮಕ್ಕಳು, ಅಪ್ಪಂದಿರು, ಅಮ್ಮಂದಿರು, ಕಾರುಗಳು. ಒಬ್ಬ ತಂದೆ ಮಗನಿಗೆ ಕೊನೆಯ ಗಳಿಗೆಯಲ್ಲಿ ಸೂತ್ರಗಳನ್ನು ಒಪ್ಪಿಸಲು ಹೇಳುತ್ತಿದ್ದ. ಇಣುಕಿ ಅಕ್ಕನ ಸೆರಗು ಹಿಡಿದುಕೊಂಡು ಗೇಟಿನಿಂದ ದೂರವೇ ನಿಂತಳು.

"ಅಕ್ಕ, ನಾನು ಬರೆದಿದ್ದೆಲ್ಲ ತಪ್ಪಾದ್ರೆ? ನಿನ್ನ ಮದುವೆನೂ ಹೋಯ್ತು, ಶೀಟೂ ಹೋಯ್ತು, ಇದೂ ಹೋದ್ರೆ?"

ಹೆದರಬೇಡ ಅನ್ನಬಹುದಿತ್ತು. ಅಕ್ಕನಿಗೇ ಹೆದರಿಕೆಯಾಗಿತ್ತು.

"ಹೋದ್ರೆ ಹೋಗತ್ತೆ. ಏನಾಯ್ತು ಅಂತ ನನ್ನ ಹತ್ರ ಬಂದು ಹೇಳು. ಮನೇಲಿ ಹೇಳೋದು ನನ್ನ ಕೆಲಸ. ನಂಗೀಗ ಅದು ಅಭ್ಯಾಸ ಆಗಿದೆ."

ಇಣುಕಿಗೆ ನಗು ಬಂದು, ಬಂದ ನಗುವಿಗೆ ಮೂಗು ಸೋರಿ, ಅಕ್ಕನ ಸೆರಗಿಗೇ ಒರೆಸಿಕೊಂಡಳು. ಚೀಟಿ ಹಿಡಿದು ಒಳಗೆ ಹೋದಳು. ಗೇಟು ಮುಚ್ಚಿತು. ಅಕ್ಕ ಗೋಡೆಗುಂಟ ಹಾಕಿದ್ದ ಬೆಂಚಿನ ತುದಿಯಲ್ಲಿ, ಗೊತ್ತಿಲ್ಲದ ತಾಯಂದಿರ ಸಾಲಿನಲ್ಲಿ ಕೂತಳು. ಪಕ್ಕದ ಹೆಂಗಸು ಮಗಳಾ ಎಂದು ಕೇಳಿ, ಇವಳ ವಯಸ್ಸು ನೋಡಿ, ತಾನೇ ನಾಚಿದಳು.

ಸ್ವಲ್ಪ ಹೊತ್ತಿಗೆ ಗೇಟಿನ ಬಳಿ ಕಾವಲುಗಾರನ ದನಿ ಏರಿತು. ಬಟ್ಟೆಯ ಗಂಟು ತುಂಬಿದ ತಳ್ಳುಗಾಡಿಯೊಂದು ಗೇಟಿಗೆ ಅಡ್ಡವಾಗಿ ನಿಂತಿತ್ತು. ಇಲ್ಲಿ ಸಾಮಾನು ಗಾಡಿ ನಿಲ್ಲಿಸುವ ಹಾಗಿಲ್ಲ, ತೆಗಿ, ಎಲ್ಲಿಗೆ ಹೋಗಬೇಕಿತ್ತೋ ಹೋಗು ಎಂದು ಅವನು ಗದರುತ್ತಿದ್ದ. ಗಾಡಿಯ ಹಿಡಿ ಹಿಡಿದಿದ್ದವನು ಅಪ್ಪ. ಆಸ್ಪತ್ರೆ ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ. ಈ ದಾರಿಯಲ್ಲಿ ಅವನಿಗೆ ಒಬ್ಬ ಗಿರಾಕಿಯೂ ಇರಲಿಲ್ಲ.

"ಪಕ್ಕಕ್ಕೆ ತಗೋತೀನಿ ಸ್ವಾಮಿ" ಎಂದ ಅಪ್ಪ. "ದೂರ ಮಾತ್ರ ಹೋಗಲ್ಲ. ಒಳಗೆ ನನ್ನ ಮಗಳು ಪರೀಕ್ಷೆ ಬರೀತಾ ಇದಾಳೆ."

ಗಾಡಿಯನ್ನು ಒಂದೆರಡು ಹೆಜ್ಜೆ ಸರಿಸಿದ. ಅಷ್ಟೇ ಸರಿಸಿದ. ಬೆಂಚಿನ ಮೇಲೆ ಅಕ್ಕನನ್ನು ಕಂಡ. ಬರಲೋ ಬೇಡವೋ ಎಂಬಂತೆ ನಿಂತ. ಅಕ್ಕ ಪಕ್ಕದ ಹೆಂಗಸಿಗೆ ಒತ್ತಿಕೊಂಡು, ಅವನಿಗೆ ಕೂರುವಷ್ಟು ಜಾಗ ಬಿಟ್ಟಳು.